ಅಮಾವಾಸ್ಯೆಯ ಹಸಿರು ಮೊಟ್ಟೆ

ದಾವಣಗೆರೆಯ ನಿಟುವಳ್ಳಿಯಲ್ಲಿರುವ ನಮ್ಮ ಮನೆ ಹಿತ್ತಿಲೆಂದರೆ ನಾಲ್ಕು ಚಾಪೆ ಹಾಸುವಷ್ಟು ಜಾಗ. ಒಂದು ನುಗ್ಗೆ ಮರ, ಒಂದು ಬಟ್ಟೆ ಒಗೆಯುವ ಕಲ್ಲು, ಅವ್ವನ ಎರಡು ನಾಟಿ ಕೋಳಿ. ಇಷ್ಟೇ ಇದ್ದಾಗ ಸುಖವಾಗಿದ್ದೆವು.

ಒಂದು ರಾತ್ರಿ ನಿದ್ದೆ ಬಾರದೆ ಮೊಬೈಲ್ ತಿಕ್ಕುತ್ತಾ ಮಲಗಿದ್ದೆ. ಯಾರದೋ ಬುಟ್ಟಿ ತುಂಬ ನೀಲಿ, ಹಸಿರು, ಚಾಕೊಲೇಟ್ ಬಣ್ಣದ ಮೊಟ್ಟೆಗಳು. ಬಣ್ಣ ಬಳಿದದ್ದಲ್ಲ, ಕೋಳಿ ಇಟ್ಟದ್ದೇ ಹಾಗೆ. ಚಿಲಿ ದೇಶದ ಮೂಲದ ಅರೌಕಾನಾ ಕೋಳಿ ನೀಲಿ ಮೊಟ್ಟೆ ಇಡುತ್ತದಂತೆ. ಆ ತಳಿಯ ಹುಂಜವನ್ನು ಕಂದು ಮೊಟ್ಟೆಯ ಕೋಳಿಗೆ ಜೋಡಿ ಮಾಡಿದರೆ, ಹುಟ್ಟುವ ಹೆಣ್ಣು ಮರಿ ದೊಡ್ಡದಾಗಿ ಹಸಿರು ಮೊಟ್ಟೆ ಇಡುತ್ತದೆ. ಮಾರನೇ ದಿನವೇ ಆ ತಳಿಯ ಎಂಟು ಮೊಟ್ಟೆ ತರಿಸಿದೆ. ಎಷ್ಟು ಕೊಟ್ಟೆ ಅಂತ ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ.

ಥರ್ಮಾಕೋಲ್ ಡಬ್ಬಕ್ಕೆ ಬಲ್ಬ್ ಸಿಕ್ಕಿಸಿ ಇನ್‌ಕ್ಯುಬೇಟರ್ ಮಾಡಿದೆ. 37.5 ಡಿಗ್ರಿ ಶಾಖ, 21 ದಿನ. ನಾಲ್ಕನೇ ದಿನವೇ ಕರೆಂಟ್ ಹೋಯಿತು. ನಾನು ಡಬ್ಬಕ್ಕೆ ರಗ್ಗು ಹೊದಿಸಿ ಕೂತಿದ್ದೆ. ಅವ್ವ ನೋಡಿ, "ಕೋಳಿ ಮಾಡೋ ಕೆಲಸಾನ ಬಲ್ಬಿಗೆ ಹಚ್ಚಿದ್ರೆ ಇನ್ನೇನಾಗ್ತತಿ?" ಎಂದು ಎಂಟೂ ಮೊಟ್ಟೆಯನ್ನು ಸೆರಗಿನಲ್ಲಿ ತುಂಬಿಕೊಂಡು ಹೋಗಿ, ಕಾವಿಗೆ ಕೂತಿದ್ದ ತನ್ನ ಹ್ಯಾಟೆಯ ಕೆಳಗೆ ತಳ್ಳಿದಳು. ಮೂರು ಮರಿಯಾದವು. ಎರಡನ್ನು ಬೆಕ್ಕು ಒಯ್ದಿತು. ಉಳಿದದ್ದು ಹುಂಜ.

ಹುಂಜ ಮೊಟ್ಟೆ ಇಡುವುದಿಲ್ಲವಲ್ಲ! ಅದರ ರಕ್ತದಲ್ಲಿ ನಿಜಕ್ಕೂ ನೀಲಿ ಇದೆಯೋ, ಮಾರಿದವನು ಸುಮ್ನೆ ಟೋಪಿ ಹಾಕಿದನೋ ಗೊತ್ತಾಗಬೇಕಾದರೆ ಅದಕ್ಕೆ ಮಗಳು ಹುಟ್ಟಿ, ಬೆಳೆದು, ಮೊಟ್ಟೆ ಇಡಬೇಕು. ಮೆಕ್ಕೆಜೋಳದ ನುಚ್ಚು ಹಾಕುತ್ತಾ ಒಂದು ವರ್ಷಕ್ಕೂ ಜಾಸ್ತಿ ಕಾದೆ. ಹುಂಜ ಮಾತ್ರ ದಿನಾ ಬೆಳಗಿನ ಜಾವ ಮೂರೂವರೆಗೇ ಕೂಗಿ ಇಡೀ ಬೀದಿಯನ್ನು ನನ್ನ ಮೇಲೆ ತಿರುಗಿಸಿತು.

ಕೊನೆಗೂ ಮಗಳು ಮೊಟ್ಟೆ ಇಟ್ಟಳು. ನಮ್ಮ ಬುಟ್ಟಿಯಲ್ಲಲ್ಲ. ಕಾಂಪೌಂಡ್ ಹಾರಿ, ಪಕ್ಕದ ಮನೆಯ ಬಾಗಿಲ ಬಳಿ, ದಾಸವಾಳದ ಕುಂಡದ ಬುಡದಲ್ಲಿ. ಅವತ್ತು ಅಮಾವಾಸ್ಯೆ. ಅವರೋ ಮೊಟ್ಟೆ ಕಂಡರೆ ಮುಖ ತಿರುಗಿಸುವ ಜನ.

"ಯಾರೋ ಮಾಟ ಮಾಡ್ಸ್ಯಾರ್ರೀ!" ಎಂಬ ಕೂಗಿಗೆ ನಾನು ಹಲ್ಲುಜ್ಜುತ್ತಲೇ ಓಡಿದೆ. ರಂಗೋಲಿಯ ಸುತ್ತ ಆರೇಳು ಜನ. ನಡುವೆ ಪಾಚಿ ಬಣ್ಣದ ಮೊಟ್ಟೆ. ಇರಲಿ ಅಂತ ಯಾರೋ ಪಕ್ಕದಲ್ಲಿ ಒಂದು ನಿಂಬೆಹಣ್ಣು ಇಟ್ಟಿದ್ದರು. ಈಗ ಅದು ಪಕ್ಕಾ ಮಾಟದಂತೆಯೇ ಕಾಣುತ್ತಿತ್ತು.

ನನಗೋ ಕುಣಿಯುವಷ್ಟು ಖುಷಿ. "ಅಕ್ಕಾರೇ, ಹೆದರಬೇಡ್ರೀ, ಇದು ನಮ್ಮ ಕೋಳೀದು" ಎಂದೆ.

"ಕೋಳಿ ಎಲ್ಲಾದ್ರೂ ಹಸರು ತತ್ತಿ ಇಡ್ತತೇನ್ರೀ?"

ಸುಮ್ಮನೆ ಎತ್ತಿಕೊಂಡು ಬರಬೇಕಿತ್ತು. ಆದರೆ ಒಂದು ವರ್ಷ ಓದಿಕೊಂಡದ್ದೆಲ್ಲ ಬಾಯಿಗೆ ಬಂತು. ನೀಲಿ ಬಣ್ಣ ಚಿಪ್ಪಿನ ಒಳಗೂ ಹೊರಗೂ ಇರುತ್ತೆ, ಕಂದು ಬಣ್ಣ ಮೇಲೆ ಬಳಿದ ಹಾಗಷ್ಟೇ, ಎರಡೂ ಸೇರಿ ಹಸಿರು ಎಂದೆ. ಯಾರೂ ನಂಬಲಿಲ್ಲ. "ಬೇಕಾದ್ರೆ ಒಳಗೆ ನೋಡ್ರಿ" ಎಂದು ಕುಂಡದ ಅಂಚಿಗೆ ಕುಟ್ಟಿ ಒಡೆದೆ. ಚಿಪ್ಪಿನ ಒಳಮೈ ಹೊರಗಿನಂತೆ ಹಸಿರಲ್ಲ, ತಿಳಿ ನೀಲಿ. ಅಕ್ಕಾರು ಕಿಟಾರನೆ ಕಿರುಚಿ ಎರಡು ಹೆಜ್ಜೆ ಹಿಂದೆ ಸರಿದರು. ಸಮಾಧಾನ ಮಾಡಲು, "ಯಾವುದೋ ಕಾಲದಲ್ಲಿ ವೈರಸ್ ಒಂದು ಕೋಳಿ ವಂಶಕ್ಕೆ ಸೇರಿಕೊಂಡಿದ್ದರಿಂದ ಈ ಬಣ್ಣ ಅಷ್ಟೇ, 2013ರಲ್ಲೇ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ" ಎಂದುಬಿಟ್ಟೆ.

ವೈರಸ್ ಅಂದದ್ದೇ ತಡ, ಅರ್ಧ ಜನ ಖಾಲಿ. ಉಳಿದವರು ಮೂಗಿಗೆ ಸೆರಗು, ಟವೆಲು ಹಿಡಿದರು.

ಅಷ್ಟರಲ್ಲಿ ಅವ್ವ ಕಂಕುಳಲ್ಲಿ ಕೋಳಿ ಸಿಕ್ಕಿಸಿಕೊಂಡು ಬಂದಳು. "ಇದರದ್ದೇ ತತ್ತಿ. ಬೆಳಿಗ್ಗೆ ಇದು ಇಲ್ಲೇ ಕೂತು ಒದರ್ತಿದ್ದದ್ದು ಯಾರಿಗೂ ಕೇಳ್ಲಿಲ್ಲೇನು?" ಎಂದಳು. ಯಾರೂ ಮಾತಾಡಲಿಲ್ಲ. ಅವ್ವ ಹೋಗುವಾಗ ನಿಂಬೆಹಣ್ಣನ್ನೂ ಎತ್ತಿಕೊಂಡು ಹೋದಳು. ಮಧ್ಯಾಹ್ನ ಚಿತ್ರಾನ್ನ ಆಯಿತು.

ಈಗ ವಾರಕ್ಕೆ ನಾಲ್ಕು ಹಸಿರು ಮೊಟ್ಟೆ ಸಿಗುತ್ತವೆ. ಆಮ್ಲೆಟ್ ಮಾತ್ರ ಹಳದಿಯೇ. ಕಾಂಪೌಂಡಿನ ಮೇಲೆ ಆರಡಿ ಬಲೆ ಬಂದಿದೆ. ಕಟ್ಟಿಸಿದ್ದು ಪಕ್ಕದ ಮನೆಯವರು, ದುಡ್ಡು ನನ್ನದು. ಅದು ಎಷ್ಟು ಅಂತಲೂ ಹೆಂಡತಿಗೆ ಹೇಳಿಲ್ಲ.