ಬೇಕಾದದ್ದು ಮಾತ್ರ ನೆನಪಿರುತ್ತಾ?

"ನಿನಗೆ ಬೇಕಾದದ್ದು ಮಾತ್ರ ನೆನಪಿರುತ್ತೆ ಬಿಡು." ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು. ಮೊನ್ನೆ ಮತ್ತೆ ಕಿವಿಗೆ ಬಿತ್ತು. ನನಗೆ ಎಡಿಎಚ್‌ಡಿ ಇದೆ, ಅಂದ್ರೆ ಗಮನವನ್ನು ಒಂದೆಡೆ ನಿಲ್ಲಿಸೋದು ಕಷ್ಟವಾಗೋ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಅದಕ್ಕೇ ಬರೀತಿದ್ದೀನಿ.

ಮೊಬೈಲಿಗೆ ಆರಂಕಿಯ ಓಟಿಪಿ ಬರುತ್ತೆ. ನೋಡಿ, ಬಾಯಲ್ಲೇ ಹೇಳಿಕೊಳ್ತಾ ಇನ್ನೊಂದು ಆ್ಯಪ್ ತೆಗೀತೀನಿ. ನಾಲ್ಕು, ಏಳು, ಒಂದು... ಅಷ್ಟರಲ್ಲಿ ಯಾರೋ "ಆ ಲೈಟ್ ಆರಿಸ್ತೀಯಾ?" ಅಂತಾರೆ. ಮುಗೀತು. ಆರಂಕಿಯೂ ಮಾಯ. ಮತ್ತೆ ಹೋಗಿ ನೋಡಿಕೊಂಡು ಬರೋ ಹೊತ್ತಿಗೆ ಲೈಟಿನ ವಿಷಯವೂ ಹೋಗಿರುತ್ತೆ. "ಹೇಳಿದ್ದು ಕೇಳಿಸಲಿಲ್ವಾ?" ಅಂದ್ರೆ ಏನು ಹೇಳಲಿ? ಕೇಳಿಸಿತ್ತು.

ಹತ್ತು ವರ್ಷದ ಹಿಂದಿನದನ್ನು ನೆನಪಿಟ್ಟುಕೊಳ್ಳೋದು ಬೇರೆ. ಕೈಲಿರೋ ಕೆಲಸ ಮುಗಿಯೋ ತನಕ ಅದಕ್ಕೆ ಬೇಕಾದದ್ದನ್ನು ಮನಸ್ಸಲ್ಲಿ ಹಿಡಿದಿಟ್ಟುಕೊಳ್ಳೋದು ಬೇರೆ. ಇದನ್ನೇ ವರ್ಕಿಂಗ್ ಮೆಮೊರಿ ಅನ್ನೋದು. ಇದು ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಮನಶ್ಶಾಸ್ತ್ರಜ್ಞರಾದ ಅಲನ್ ಬ್ಯಾಡ್ಲಿ, ಗ್ರಹಾಂ ಹಿಚ್ 1974ರಲ್ಲೇ ಒಂದು ಮಾದರಿ ಕೊಟ್ಟಿದ್ದಾರೆ. ಯಾರಿಗೇ ಆಗಲಿ ಅಲ್ಲಿ ಜಾಗ ಕಮ್ಮಿ. ಎಡಿಎಚ್‌ಡಿ ಇರೋ ನಮ್ಮಲ್ಲಿ ಹಲವರಿಗೆ ಆ ಹಿಡಿತವೂ ಸಡಿಲ. ಮಿದುಳಿನ ಮುಂಭಾಗದಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಕೆಲಸ ಮಾಡೋ ರೀತಿಗೂ ಇದಕ್ಕೂ ನಂಟಿದೆ. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸೋ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ದಿನನಿತ್ಯದ ಕೆಲಸಗಳಲ್ಲಿನ ಮರೆವು ಎಡಿಎಚ್‌ಡಿ ಲಕ್ಷಣಗಳ ಪಟ್ಟಿಯಲ್ಲೇ ಇದೆ.

ನನಗೆ ಹೆಚ್ಚು ನೋವು ಕೊಟ್ಟಿದ್ದು ಮಾತಿನ ವಿಷಯ. ಮೀಟಿಂಗಲ್ಲಿ ಒಬ್ಬರು ಮಾತಾಡುವಾಗ ನನಗೊಂದು ಒಳ್ಳೆ ಪ್ರಶ್ನೆ ಹೊಳೆಯುತ್ತೆ. ಅವರು ಮುಗಿಸಲಿ ಅಂತ ಕಾಯ್ತಾ ಪ್ರಶ್ನೆ ಹಿಡಿದುಕೊಂಡ್ರೆ ಅವರ ಮಾತು ತಲೆಗೆ ಹೋಗಲ್ಲ. ಅವರ ಮಾತಿಗೆ ಕಿವಿಗೊಟ್ರೆ ಪ್ರಶ್ನೆ ಉಳಿಯಲ್ಲ. ಹೋಗೇಬಿಡುತ್ತೆ ಅನ್ನೋ ಭಯಕ್ಕೆ ನಡುವೆ ಬಾಯಿ ಹಾಕ್ತೀನಿ. "ದೊಡ್ಡವರು ಮಾತಾಡುವಾಗ ಸುಮ್ಮನಿರೋದು ಗೊತ್ತಿಲ್ವಾ?" ಅನ್ನಿಸಿಕೊಂಡಿದ್ದೀನಿ. ಅವರ ಮೇಲೆ ಗೌರವ ಇತ್ತು, ಅದಕ್ಕೇ ಆ ಪ್ರಶ್ನೆ ಹುಟ್ಟಿತ್ತು. ಈಗ ಚೀಟಿಯಲ್ಲಿ ಎರಡೇ ಪದ ಗೀಚಿಕೊಳ್ತೀನಿ, ಆಮೇಲೆ ನೆಮ್ಮದಿಯಾಗಿ ಕೇಳಬಹುದು.

ನೆನಪಿನ ಶಕ್ತಿಯ ಗೇಮ್ ಆಡು ಅಂತ ಸಲಹೆ ಕೊಡೋರಿದ್ದಾರೆ. ಆಡ್ತಾ ಆಡ್ತಾ ಆ ಗೇಮಲ್ಲಿ ಪಳಗ್ತೀವಿ ನಿಜ, ಆದರೆ ಅದರ ಲಾಭ ದಿನದ ಬದುಕಿಗೆ ದಾಟಿ ಬರೋದು ಕಾಣಿಸಿಲ್ಲ ಅಂತಲೇ ಅಧ್ಯಯನಗಳ ಪರಾಮರ್ಶೆಗಳು ಹೇಳಿರೋದು. ತಲೆಯೊಳಗಿನ ಭಾರ ಹೊರಗಿಡೋದೇ ನನಗೆ ದಾರಿ ಆಗಿದೆ: ಕಾಗದ, ಅಲಾರಂ, ಕಣ್ಣೆದುರಿಗಿಟ್ಟ ವಸ್ತು.

ಮನೆಯವರಲ್ಲಿ, ಜೊತೆಗೆ ಕೆಲಸ ಮಾಡೋರಲ್ಲಿ ಒಂದು ಕೋರಿಕೆ. ನಾವು ಮರೆತಾಗ "ನನ್ನ ಮೇಲೆ ಪ್ರೀತಿ ಇಲ್ಲ" ಅಂದುಕೊಳ್ಳಬೇಡಿ. ಮೂರು ಕೆಲಸ ಹೇಳೋದಿದ್ರೆ ಒಂದು ಮೆಸೇಜ್ ಹಾಕಿ. ಮಾಡ್ತೀವಿ.