ನಂಬಿಕೆ ಬರೀ ಅಡ್ಡಿಯೇ?
ಧರ್ಮ ಜನರನ್ನು ಸುಮ್ಮನಿರಿಸುತ್ತದೆ, ಹೋರಾಟದಿಂದ ಅದನ್ನು ದೂರ ಇಡಬೇಕು ಎಂದು ಒಂದು ಲೇಖನದಲ್ಲಿ ಓದಿದೆ. ಲೇಖಕರ ಈ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ.

ಅಮೆರಿಕದ ಮಾಂಟ್ಗೊಮರಿ ನಗರದ ಬಸ್ ಬಹಿಷ್ಕಾರವನ್ನೇ ನೋಡಿ. ಬಸ್ಸಿನಲ್ಲಿ ಬಣ್ಣ ನೋಡಿ ಸೀಟು ಕೊಡುವುದನ್ನು ವಿರೋಧಿಸಿ ಅಲ್ಲಿನ ಕಪ್ಪು ಜನ ಬಸ್ ಹತ್ತುವುದನ್ನೇ ಬಿಟ್ಟರು. 1955ರ ಡಿಸೆಂಬರ್‌ನಲ್ಲಿ ಶುರುವಾಗಿ 381 ದಿನ ನಡೆಯಿತು. ಅಷ್ಟು ದಿನ ಬರೀ ಭಾಷಣದಿಂದ ಜನ ನಡೆಯುವುದಿಲ್ಲ, ಅಲ್ವಾ? ಸಭೆ ಸೇರಲು ಚರ್ಚ್ ಇತ್ತು, ದುಡ್ಡು ಕೂಡಿಸಲು ಚರ್ಚ್ ಇತ್ತು. ಕೆಲಸಕ್ಕೆ ಹೋಗುವವರನ್ನು ಕರೆದೊಯ್ಯುವ ಕಾರುಗಳ ವ್ಯವಸ್ಥೆಯ ಹಿಂದೆಯೂ ಚರ್ಚ್‌ಗಳಿದ್ದವು. ಮುಂದೆ ನಿಂತ ಮಾರ್ಟಿನ್ ಲೂಥರ್ ಕಿಂಗ್ 26 ವರ್ಷದ ಪಾದ್ರಿ. ಮನೆಗೆ ಬಾಂಬ್ ಬಿದ್ದ ರಾತ್ರಿಯೂ ಸಿಟ್ಟಿಗೆದ್ದ ಜನರನ್ನು ಸಮಾಧಾನ ಮಾಡಿ ಕಳಿಸಿದರು. ನನಗೆ ದೇವರ ಮೇಲೆ ಅಂಥ ನಂಬಿಕೆಯೇನಿಲ್ಲ. ಆದರೂ ಆ ಧೈರ್ಯಕ್ಕೂ ಅವರ ನಂಬಿಕೆಗೂ ಸಂಬಂಧವಿಲ್ಲ ಎನ್ನಲು ನಾಲಿಗೆ ಬರುವುದಿಲ್ಲ.

ಲೇಖಕರ ಕಡೆಗೂ ಸಾಕ್ಷಿ ಇದೆ. ಅದೇ ದೇಶದ ದಕ್ಷಿಣದ ಬ್ಯಾಪ್ಟಿಸ್ಟರು, ಅಂದರೆ ಒಂದು ಕ್ರೈಸ್ತ ಪಂಗಡದವರು, 1845ರಲ್ಲಿ ಗುಲಾಮಗಿರಿಯ ಜಗಳದಲ್ಲೇ, ಗುಲಾಮಗಿರಿಯ ಪರ ನಿಂತು, ಬೇರೆಯಾದವರು. ಕ್ಷಮೆ ಕೇಳಿದ್ದು 1995ರಲ್ಲಿ! ಎರಡೂ ಕಡೆಯವರ ಕೈಯಲ್ಲಿ ಇದ್ದದ್ದು ಒಂದೇ ಬೈಬಲ್.

ಅಂಬೇಡ್ಕರ್ ವಿಷಯ ಲೇಖನದಲ್ಲಿ ಬರಲೇ ಇಲ್ಲ. ಹುಟ್ಟಿದ ಧರ್ಮವನ್ನು ಅಷ್ಟು ಕಟುವಾಗಿ ಟೀಕಿಸಿದವರು 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಧರ್ಮವೇ ಬೇಡ ಎಂದು ಅವರು ಹೇಳಲಿಲ್ಲ. ಯಾಕೆ ಎಂದು ಲೇಖಕರು ಬರೆದರೆ ಓದುತ್ತೇನೆ.