ಬೆರಳಿಗೊಂದು ಹಿಂಬರಹ

ಕಾಸರಗೋಡಿನ ಒಂದು ಸರಕಾರಿ ಕಚೇರಿಯವರು (ಯಾವುದೆಂದು ಹೇಳಿದರೆ ನನ್ನ ಕಡತಕ್ಕೇ ತೊಂದರೆ) ಅರ್ಜಿದಾರರ ಅನುಕೂಲಕ್ಕೆಂದು ಒಂದು ಟ್ಯಾಬ್ ಇರಿಸಿ, ಅದನ್ನು ಯಾರೂ ಒಯ್ಯದಂತೆ ನೈಲಾನ್ ಹಗ್ಗದಿಂದ ಕಿಟಕಿಯ ಸರಳಿಗೆ ಬಿಗಿದಿದ್ದಾರೆ. ಮುಟ್ಟಿದೊಡನೆ ಅದು ಬೆರಳಿಗೆ ‘ಝುಂ’ ಎಂದು ಓಗೊಡುತ್ತದೆ. ಪ್ರಜೆಯ ಅಹವಾಲಿಗೆ ಇಷ್ಟು ಬೇಗ ಉತ್ತರಿಸಿದ ಸರಕಾರಿ ವಸ್ತುವನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಭಾಷೆ ಆರಿಸುವಲ್ಲಿ ‘ಕನ್ನಡ’ ಎಂದಿತ್ತು. ಒತ್ತಿದೆ, ಟ್ಯಾಬ್ ಕಂಪಿಸಿತು, ಪುಟ ಮಲಯಾಳದಲ್ಲೇ ಉಳಿಯಿತು. ಮತ್ತೆ ಒತ್ತಿದೆ, ಮತ್ತೆ ಕಂಪಿಸಿತು. ಒಳಗಿದ್ದ ನೌಕರರಿಗೆ ತೋರಿಸಿದಾಗ ಅವರು, “ನಡುಗಿತಲ್ಲ ಮಾಷ್ಟ್ರೇ, ಇನ್ನೆಂತ ಬೇಕು ನಿಮಗೆ?” ಎಂದರು.

ಅವರ ಮಾತಿನಲ್ಲಿ ಈ ಕಂಪನ ತಂತ್ರಜ್ಞಾನದ ತಿರುಳೇ ಇದೆ. ಹಳೆಯ ಫೋನುಗಳಲ್ಲಿ ಪುಟ್ಟ ಮೋಟಾರಿನ ದಂಡಕ್ಕೆ ಒಂದೇ ಮಗ್ಗುಲಿಗೆ ಭಾರ ಕಟ್ಟಿ ತಿರುಗಿಸುತ್ತಿದ್ದರು. ಈಗಿನ ಒಳ್ಳೆಯ ಫೋನುಗಳಲ್ಲಿ ಸ್ಪ್ರಿಂಗಿಗೆ ಸಿಕ್ಕಿಸಿದ ಭಾರವೊಂದು ವಿದ್ಯುತ್ ಸುರುಳಿಯ ಸೆಳೆತಕ್ಕೆ ಹಿಂದುಮುಂದಾಗಿ, ತಟ್ಟನೆ ಆರಂಭವಾಗಿ ತಟ್ಟನೆ ನಿಲ್ಲುತ್ತದೆ. ಸೆಕೆಂಡಿಗೆ ಸುಮಾರು 250 ಸಲದ ಕಂಪನವನ್ನು ನಮ್ಮ ಚರ್ಮ ಬಹಳ ಚೆನ್ನಾಗಿ ಗುರುತಿಸುವುದರಿಂದ ಅದರ ಆಸುಪಾಸಿನಲ್ಲಿ ನಡುಗಿಸಿದರೆ ಸಾಕು, ಗುಂಡಿ ಒಳಗೆ ಹೋಯಿತೆಂದೇ ಮನಸ್ಸು ನಂಬುತ್ತದೆ. 2016ರ ಐಫೋನ್ 7ರ ಹೋಮ್ ಬಟನ್ ಒಂದಿಷ್ಟೂ ಅಲುಗುತ್ತಿರಲಿಲ್ಲ, ಆದರೂ ಒತ್ತಿದವರಿಗೆ ‘ಟಕ್’ ಎಂಬ ಅನುಭವವಾಗುತ್ತಿತ್ತು. ಫೋನ್ ಆಫ್ ಮಾಡಿದ ಮೇಲೆ ಒತ್ತಿ ನೋಡಿದವರಿಗಷ್ಟೇ ಗುಟ್ಟು ತಿಳಿಯುತ್ತಿತ್ತು.

ಇದನ್ನು ಹೊಸ ಆವಿಷ್ಕಾರವೆಂದು ಮೆರೆಸುವವರು ನಮ್ಮ ಗಡಿನಾಡಿನ ಇತಿಹಾಸ ಓದಿಲ್ಲ. ಅರ್ಜಿಯ ಮೇಲೆ ‘ಡಬ್’ ಎಂದು ಬೀಳುವ ಸ್ವೀಕೃತಿಯ ಮೊಹರು ಮೇಜನ್ನೂ ಅರ್ಜಿದಾರನ ಎದೆಯನ್ನೂ ಏಕಕಾಲಕ್ಕೆ ಕಂಪಿಸುವಂತೆ ಮಾಡಿ, ಒಳಗೆ ಏನನ್ನೂ ಅಲುಗಿಸದೆ ಬಿಡುವ ಕಲೆಯನ್ನು, ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದಲೂ ಸಾಧಿಸಿಕೊಂಡು ಬಂದಿದೆ. 1967ರಲ್ಲಿ ಗಡಿ ತಕರಾರು ಪರಿಶೀಲಿಸಿದ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಾಗ ಇಡೀ ಸೀಮೆ ಕಂಪಿಸಿತು, ಪುಟ ಬದಲಾಗಲಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗನು ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದು ಕೇರಳದ 1969ರ ಕಾಯ್ದೆ ಹೇಳಿತು. ಅದು ಬಹಳ ಹಿತವಾದ ಕಂಪನ.

ಮೊನ್ನೆ ನನ್ನ ಮುಂದೆ ಬದಿಯಡ್ಕ ಕಡೆಯ ಅಜ್ಜರೊಬ್ಬರು ನಿಂತಿದ್ದರು. ಅಡಿಕೆ ಸುಲಿದು ಸುಲಿದು ಒರಟಾದ ಅವರ ಹೆಬ್ಬೆರಳು ಪರದೆಗೆ ಗೋಚರಿಸಲೇ ಇಲ್ಲ. ಬೆರಳು ತಂದೊಡ್ಡುವ ವಿದ್ಯುತ್ ವ್ಯತ್ಯಾಸವನ್ನು ಅಳೆಯುವ ಗಾಜಿಗೆ ಒಣಗಿ ದಪ್ಪಗಟ್ಟಿದ ಚರ್ಮವೆಂದರೆ ಅಷ್ಟಕ್ಕಷ್ಟೆ. ಅಜ್ಜರು ಬೆರಳನ್ನು ನಾಲಗೆಗೆ ತಾಗಿಸಿ, ಪಂಚಾಂಗದ ಹಾಳೆ ಮಗುಚುವವರ ಹಾಗೆ ಒತ್ತಿದರು. ಝುಂ! ಅವರ ಮುಖ ಅರಳಿತು. ಕೆಲಸವಾದರೆ ಒಂದು ಬಗೆ, ತಪ್ಪಿದರೆ ಇನ್ನೊಂದು ಬಗೆ ಕಂಪಿಸಬೇಕೆಂಬ ಪದ್ಧತಿ ಫೋನುಗಳಲ್ಲಿದೆ. ನಮ್ಮ ಟ್ಯಾಬಿಗೆ ಅಂಥ ಪಕ್ಷಪಾತವಿಲ್ಲ.

“ಎರಡು ವರ್ಷದಿಂದ ಅಲೆದದ್ದು ಇವತ್ತು ಆಯಿತು” ಎಂದು ಅಜ್ಜರು ಕೊಡೆ ಬಿಡಿಸಿ ಮಳೆಗಿಳಿದರು. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಪರದೆಯತ್ತ ಬಾಗಿ, ಅವರು ಒತ್ತಿದ್ದು ‘ರದ್ದಾಕ್ಕುಗ’ ಎಂಬ ಗುಂಡಿಯನ್ನು ಎಂದು ಓದಿ ಹೇಳುವಷ್ಟರಲ್ಲಿ ಬದಿಯಡ್ಕದ ಬಸ್ಸು ಹೊರಟಿತ್ತು.